ಬಳಸಿದ ಪ್ರೀಆಂಪ್ ಕೊಳ್ಳುವಾಗ: ಹೆಸರಿಗಿಂತ ಮೊದಲು ಹೊಂದಾಣಿಕೆ

ಪ್ರೀಆಂಪ್ಲಿಫೈಯರ್ ಅಥವಾ ಪ್ರೀಆಂಪ್ ಎಂದರೆ ಸಿಡಿ ಪ್ಲೇಯರ್‌ನಂತಹ ಮೂಲವನ್ನು ಆರಿಸಿ, ವಾಲ್ಯೂಮ್ ಹೊಂದಿಸಿ, ಸ್ಪೀಕರ್‌ಗಳನ್ನು ನುಡಿಸುವ ಪವರ್ ಆಂಪ್‌ಗೆ ಸಂಕೇತವನ್ನು ಕಳಿಸುವ ಯಂತ್ರ. ಹೊಸದಾಗಿದ್ದಾಗ ನಮ್ಮ ಕೈಗೆ ಎಟುಕದಿದ್ದ ಉನ್ನತ ದರ್ಜೆಯ ಪ್ರೀಆಂಪ್ಲಿಫೈಯರ್‌ಗಳು ಹತ್ತು ಹದಿನೈದು ವರ್ಷಗಳ ನಂತರ ನಿಲುಕುವ ಬೆಲೆಗೆ ಮಾರಾಟಕ್ಕೆ ಬರುತ್ತವೆ. ಆದರೆ ಅನೇಕರು ಕಂಪನಿಯ ಹೆಸರನ್ನು ನೋಡಿ ಮನಸೋತು, ಮನೆಗೆ ತಂದ ಮೇಲಷ್ಟೇ ಅದು ತಮ್ಮ ಪವರ್ ಆಂಪ್‌ಗೆ ಒಗ್ಗುವುದಿಲ್ಲವೆಂದು ತಿಳಿದು ಪರಿತಪಿಸುತ್ತಾರೆ. ಆದ್ದರಿಂದ ಜಾಹೀರಾತುಗಳನ್ನು ಹುಡುಕುವ ಮೊದಲು ಪೆನ್ನು ಕಾಗದ ಹಿಡಿದು ಎರಡು ಲೆಕ್ಕಗಳನ್ನು ಮಾಡಿಕೊಳ್ಳಬೇಕು.

ಮೊದಲನೆಯದು ಗೇನ್, ಅಂದರೆ ಯಂತ್ರವು ಸಂಕೇತವನ್ನು ಎಷ್ಟು ಹೆಚ್ಚಿಸುತ್ತದೆ ಎಂಬುದರ ಲೆಕ್ಕ. ಸಿಡಿ ಪ್ಲೇಯರ್ ಸಾಮಾನ್ಯವಾಗಿ ಗರಿಷ್ಠ 2 ವೋಲ್ಟ್ ಹೊರಹಾಕುತ್ತದೆ. ಪವರ್ ಆಂಪ್‌ನ ಗೇನ್ 26 ಡೆಸಿಬೆಲ್ ಇದ್ದರೆ, ಅಂದರೆ ವೋಲ್ಟೇಜನ್ನು 20 ಪಟ್ಟು ಹೆಚ್ಚಿಸುವಂತಿದ್ದರೆ, 40 ವೋಲ್ಟ್ ದೊರೆತು 8 ಓಮ್‌ನ ಸ್ಪೀಕರಿಗೆ 200 ವ್ಯಾಟ್ ಸಲ್ಲುತ್ತದೆ. ಇಷ್ಟಾಗುವಾಗ ನಡುವಿನ ಪ್ರೀಆಂಪ್ ಏನನ್ನೂ ವರ್ಧಿಸಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಅಂತಹ ಜೋಡಣೆಗೆ 20 ಡೆಸಿಬೆಲ್ ಗೇನ್ ಇರುವ ಪ್ರೀಆಂಪ್ ಸೇರಿಸಿದರೆ ಸಂಕೇತ ಇನ್ನೂ ಹತ್ತು ಪಟ್ಟು ಹೆಚ್ಚುತ್ತದೆ, ಅದನ್ನು ತಗ್ಗಿಸಲು ವಾಲ್ಯೂಮ್ ನಾಬ್ ಸದಾ ಆರಂಭದ ಕಾಲುಭಾಗದಲ್ಲೇ ಉಳಿಯಬೇಕಾಗುತ್ತದೆ. ವಾಲ್ಯೂಮ್ ನಾಬ್‌ನ ಹಿಂದಿರುವ ಸಾಮಾನ್ಯ ಪೊಟೆನ್ಷಿಯೋಮೀಟರ್‌ನ ಎಡ ಬಲ ಚಾನೆಲ್‌ಗಳು ಅತಿ ಹೆಚ್ಚು ವ್ಯತ್ಯಾಸ ತೋರುವುದು ಆ ಭಾಗದಲ್ಲಿಯೇ. ಕಡಿಮೆ ಶಕ್ತಿಯಲ್ಲೇ ಜೋರಾಗಿ ನುಡಿಯುವ, ಸೂಕ್ಷ್ಮಗ್ರಾಹಿಯಾದ ಹಾರ್ನ್ ಸ್ಪೀಕರ್ ಇರುವವರು 10 ಡೆಸಿಬೆಲ್ ಅಥವಾ ಅದಕ್ಕಿಂತ ಕಡಿಮೆ ಗೇನ್ ಇರುವುದನ್ನೇ ಹುಡುಕುವುದು ಲೇಸು. ಗ್ರಾಮಫೋನ್ ತಟ್ಟೆ ಕೇಳುವವರ ಅಗತ್ಯ ಬೇರೆ: ಸೂಜಿಯಿರುವ ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್‌ಗೆ ಸುಮಾರು 40 ಡೆಸಿಬೆಲ್, ಮೂವಿಂಗ್ ಕಾಯಿಲ್‌ಗೆ ಸುಮಾರು 60 ಡೆಸಿಬೆಲ್ ಗೇನ್ ಇರುವ ಫೋನೋ ಹಂತ, ಅಂದರೆ ತಟ್ಟೆಯ ಕ್ಷೀಣ ಸಂಕೇತವನ್ನು ವರ್ಧಿಸುವ ಭಾಗ, ಬೇಕು. ಸಿಡಿ ಯುಗದ ಅನೇಕ ಪ್ರೀಆಂಪ್‌ಗಳಲ್ಲಿ ಅದು ಇರುವುದೇ ಇಲ್ಲ.

ಎರಡನೆಯದು ಇಂಪೀಡೆನ್ಸ್, ಅಂದರೆ ಸಂಕೇತದ ವಿದ್ಯುತ್ ಹರಿವಿಗೆ ಒಡ್ಡುವ, ಓಮ್‌ನಲ್ಲಿ ಅಳೆಯುವ ತಡೆಯ ಲೆಕ್ಕ. ಪವರ್ ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್, ಪ್ರೀಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್‌ಗಿಂತ ಕನಿಷ್ಠ ಹತ್ತು ಪಟ್ಟು ಇರಬೇಕೆಂಬುದು ರೂಢಿಯ ನಿಯಮ. ಟ್ರಾನ್ಸಿಸ್ಟರ್ ಪ್ರೀಆಂಪ್‌ಗಳಲ್ಲಿ ಇದು ತೊಂದರೆ ಕೊಡುವುದು ಅಪರೂಪ. ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಬಳಸುವ ಪ್ರೀಆಂಪ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ, ಏಕೆಂದರೆ ಅವುಗಳ ಔಟ್‌ಪುಟ್ಟಿನಲ್ಲಿ ಸಾಮಾನ್ಯವಾಗಿ ಡಿಸಿಯನ್ನು (ಏಕಮುಖ ವಿದ್ಯುತ್ತನ್ನು) ತಡೆದು ಸಂಕೇತವನ್ನಷ್ಟೇ ದಾಟಿಸುವ ಒಂದು ಕಪ್ಲಿಂಗ್ ಕೆಪಾಸಿಟರ್ ಇದ್ದು, ಮುಂದಿನ ಯಂತ್ರದ ಇಂಪೀಡೆನ್ಸ್ ಕಡಿಮೆಯಾದಷ್ಟೂ ಮಂದ್ರ ಧ್ವನಿ ಸೋರಿಹೋಗುತ್ತದೆ. ಆ ಕೆಪಾಸಿಟರ್ 0.47 ಮೈಕ್ರೋಫ್ಯಾರಡ್ ಆಗಿದ್ದು ಪವರ್ ಆಂಪ್ 10,000 ಓಮ್‌ನದಾಗಿದ್ದರೆ, ಸುಮಾರು 34 ಹರ್ಟ್ಸ್‌ನಲ್ಲಿಯೇ 3 ಡೆಸಿಬೆಲ್ ನಷ್ಟವಾಗಿ, ಮೃದಂಗದ ಎಡಗೈ ಪೆಟ್ಟಿನ ತೂಕ ಕಡಿಮೆಯಾಗತೊಡಗುತ್ತದೆ. ಅದೇ ಪ್ರೀಆಂಪ್ 1,00,000 ಓಮ್‌ನ ವಾಲ್ವ್ ಪವರ್ ಆಂಪ್‌ನೊಡನೆ ತುಂಬು ಧ್ವನಿಯಲ್ಲಿ ನುಡಿಯುತ್ತದೆ. "ಈ ಪ್ರೀಆಂಪ್ ಧ್ವನಿ ತೆಳು" ಎಂಬ ಎಷ್ಟೋ ತೀರ್ಪುಗಳ ಹಿಂದೆ ಇಂತಹ ಹೊಂದದ ಜೋಡಿಯೇ ಇರುತ್ತದೆಂದು ನನ್ನ ಬಲವಾದ ನಂಬಿಕೆ.

ಲೆಕ್ಕ ಸರಿಹೋದ ಮೇಲೆ ಆಯಾ ಕಂಪನಿಯ ವಿಶೇಷಗಳನ್ನು ತಿಳಿದಿರಬೇಕು. ನೇಮ್ ಕಂಪನಿಯ ಹಳೆಯ ಎನ್‌ಎಸಿ ಸರಣಿಯ ಪ್ರೀಆಂಪ್‌ಗಳಿಗೆ ಸ್ವಂತ ಮೈನ್ಸ್ ಪವರ್ ಸಪ್ಲೈ ಇರುವುದಿಲ್ಲ. ಅವು ಅದೇ ಕಂಪನಿಯ ಕೆಲವು ಪವರ್ ಆಂಪ್‌ಗಳಿಂದ ಅಥವಾ ಹೈಕ್ಯಾಪ್‌ನಂತಹ ಪ್ರತ್ಯೇಕ ಪೆಟ್ಟಿಗೆಯಿಂದ ವಿದ್ಯುತ್ ಪಡೆಯುತ್ತವೆ, ಸಂಪರ್ಕವೂ ಹೆಚ್ಚಾಗಿ ಡಿನ್ ಎಂಬ ದುಂಡನೆಯ ಬಹುಪಿನ್ ಸಾಕೆಟ್‌ಗಳ ಮೂಲಕವೇ. ಪ್ರೀಆಂಪ್ ಪೆಟ್ಟಿಗೆಯೊಂದನ್ನೇ ಅಗ್ಗವೆಂದು ಕೊಂಡರೆ ಅದು ಮನೆಯಲ್ಲಿ ನುಡಿಯುವುದಿಲ್ಲ. 1970ರ ದಶಕದ ಮಾರ್ಕ್ ಲೆವಿನ್ಸನ್ ಎಲ್‌ಎನ್‌ಪಿ-2 ಇಂದಿಗೂ ಸಂಗ್ರಾಹಕರು ಮುಗಿಬೀಳುವ ಯಂತ್ರ. ಆದರೆ ಅದರ ಸರ್ಕ್ಯೂಟ್ ಮಾಡ್ಯೂಲ್‌ಗಳನ್ನು ರಾಳದಲ್ಲಿ ಮುಚ್ಚಿರುವುದರಿಂದ ಒಳಗಿನ ಒಂದು ಬಿಡಿಭಾಗ ಕೆಟ್ಟರೂ ಸಾಮಾನ್ಯ ರಿಪೇರಿ ಸಾಧ್ಯವಾಗದು. ಅಕ್ಯುಫೇಸ್‌ನ ಮೂರು ಪಿನ್‌ಗಳ ಬ್ಯಾಲೆನ್ಸ್ಡ್ ಔಟ್‌ಪುಟ್‌ನಲ್ಲಿ 3ನೇ ಪಿನ್ ಧನ, ಬೇರೆ ಬಹುತೇಕ ಯಂತ್ರಗಳಲ್ಲಿ 2ನೆಯದು. ಕಾನ್ರಾಡ್-ಜಾನ್ಸನ್‌ನ ಅನೇಕ ಮಾದರಿಗಳು ಸಂಕೇತದ ಪೊಲ್ಯಾರಿಟಿಯನ್ನು, ಅಂದರೆ ಧನ ಋಣಗಳನ್ನು, ತಿರುಗಿಸುತ್ತವೆ. ಈ ಎರಡರಿಂದಲೂ ಹಾನಿಯಿಲ್ಲ. ಎರಡೂ ಸ್ಪೀಕರ್‌ಗಳ ಧನ ಋಣ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.

ಅಮೆರಿಕದಿಂದಲೋ ಜಪಾನಿನಿಂದಲೋ ಬಂಧುಗಳ ಮೂಲಕ ತರಿಸುವವರು ಹಿಂಬದಿಯ ವೋಲ್ಟೇಜ್ ಫಲಕದ ಚಿತ್ರವನ್ನು ಮೊದಲೇ ಕೇಳಿ ಪಡೆಯಬೇಕು. ಅಲ್ಲಿನದು 120 ಮತ್ತು 100 ವೋಲ್ಟ್, ನಮ್ಮದು 230. ಕೆಲವು ಮಾದರಿಗಳಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಸಂಪರ್ಕವನ್ನು ಬದಲಿಸಬಹುದು, ಉಳಿದವಕ್ಕೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 60 ಹರ್ಟ್ಸ್ ಮಾತ್ರ ಎಂದು ನಮೂದಿಸಿರುವ ಯಂತ್ರ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗಬಹುದಾದ್ದರಿಂದ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ವಯಸ್ಸಾದ ಯಂತ್ರದಲ್ಲಿ ಮೊದಲು ಸೋಲುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಇಪ್ಪತ್ತು ವರ್ಷ ದಾಟಿದ ಪ್ರೀಆಂಪ್‌ನಲ್ಲಿ ಅವನ್ನು ಬದಲಿಸಿಲ್ಲವೆಂದಾದರೆ ಆ ವೆಚ್ಚವನ್ನು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಬೇಕು. ಮಂಗಳೂರು, ಕಾರವಾರದಂತಹ ಕರಾವಳಿ ಊರುಗಳಲ್ಲಿದ್ದ ಯಂತ್ರವಾದರೆ ಸಾಕೆಟ್, ರಿಲೇ ಮತ್ತು ಸ್ವಿಚ್‌ಗಳ ತುಕ್ಕನ್ನೂ ನೋಡಬೇಕು. ಅದಕ್ಕಿಂತ ದೊಡ್ಡ ಆತಂಕ ಮತ್ತೆಲ್ಲೂ ಸಿಗದ ಭಾಗಗಳದ್ದು. ವಾಲ್ಯೂಮ್ ನಿಯಂತ್ರಿಸುವ ಚಿಪ್, ಮಸುಕಾದ ಡಿಸ್‌ಪ್ಲೇ, ಕಳೆದುಹೋದ ರಿಮೋಟ್ ಇವು ಇಡೀ ಯಂತ್ರವನ್ನೇ ನಿರುಪಯೋಗಿಯಾಗಿಸಬಲ್ಲವು. ಕೆಲವು ಕಾರ್ಯಗಳು ರಿಮೋಟ್‌ನಲ್ಲಿ ಮಾತ್ರ ಇರುವ ಮಾದರಿಗಳೂ ಇವೆ. ವಾಲ್ವ್‌ಗಳು 12ಎಎಕ್ಸ್7 ಅಥವಾ 6922 ಆಗಿದ್ದರೆ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ, ಚಿಂತೆಯಿಲ್ಲ. ಸರ್ವಿಸ್ ಮ್ಯಾನ್ಯುಯಲ್ ಸಿಗುವ, ಸಾಮಾನ್ಯ ಬಿಡಿಭಾಗಗಳಿಂದ ಕಟ್ಟಿದ ಎರಡನೇ ಸಾಲಿನ ಪ್ರೀಆಂಪ್ ಮತ್ತು ರಿಪೇರಿಯಾಗದ ಹೆಸರಾಂತ ಪ್ರೀಆಂಪ್ ಎದುರಿಗಿದ್ದರೆ ನಾನು ಹಿಂಜರಿಯದೆ ಮೊದಲನೆಯದನ್ನೇ ಆರಿಸುತ್ತೇನೆ.

ಮಾರುವವರ ಮನೆಗೆ ಹೋದಾಗ ಯಂತ್ರವನ್ನು ಅರ್ಧ ಗಂಟೆಯಾದರೂ ಬೆಚ್ಚಗಾಗಲು ಬಿಡಿ. ಬಳಿಕ ಸಂಗೀತವಿಲ್ಲದೆ, ನೀವು ಕೇಳುವ ಮಟ್ಟಕ್ಕೆ ವಾಲ್ಯೂಮ್ ಇಟ್ಟು ಸ್ಪೀಕರ್‌ಗೆ ಕಿವಿಗೊಟ್ಟು ಸುಯ್ಯೆನ್ನುವ, ಗುಂಯ್‌ಗುಡುವ ಸದ್ದುಗಳನ್ನು ಎಡ ಬಲ ಹೋಲಿಸಿ ಕೇಳಿ. ಬಹಳ ಹಿಂದೆ ನಾನು ಕೊಂಡ ಮೊದಲ ಪ್ರೀಆಂಪನ್ನು ಮಾರಿದವರು ಜೋರು ಧ್ವನಿಯಲ್ಲಷ್ಟೇ ಕೇಳಿಸಿದ್ದರು. ರಾತ್ರಿ ಮೆಲುದನಿಯಲ್ಲಿ ಕೇಳಿದಾಗ ಗಾಯಕಿಯ ಧ್ವನಿ ಪೂರ್ತಿ ಬಲಕ್ಕೆ ವಾಲಿದ್ದು ತಿಳಿಯಿತು. ಅಂದಿನಿಂದ ತಂಬೂರಿಯ ಶ್ರುತಿ ನಿರಂತರವಾಗಿ ಕೇಳುವ ಧ್ವನಿಮುದ್ರಣವನ್ನು ಒಯ್ದು, ವಾಲ್ಯೂಮನ್ನು ಅತಿ ಕೆಳಗಿನಿಂದ ನಿಧಾನವಾಗಿ ಏರಿಸುತ್ತೇನೆ. ಕರಕರ ಸದ್ದು, ಒಂದು ಬದಿಗೆ ವಾಲುವಿಕೆ, ನಡುವೆ ಕಡಿಯುವಿಕೆ ಎಲ್ಲವೂ ಆ ಎಡೆಬಿಡದ ನಾದದಲ್ಲಿ ಸ್ಪಷ್ಟವಾಗಿ ಗೋಚರವಾಗುತ್ತವೆ. ಪ್ರತಿಯೊಂದು ಇನ್‌ಪುಟ್ಟನ್ನೂ ಹಾಕಿ ನೋಡಬೇಕು. ವಾಲ್ವ್ ಯಂತ್ರವಾದರೆ ಮೇಲ್ಕವಚವನ್ನು ಪೆನ್ಸಿಲ್ಲಿನಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರ್‌ನಲ್ಲಿ ಗಂಟೆಯಂತೆ ಅನುರಣಿಸಿದರೆ ವಾಲ್ವ್ ಬದಲಿಸಬೇಕೆಂದರ್ಥ. ಪವರ್ ಆಂಪ್‌ನಿಂದ ಕೇಬಲ್ ಬಿಚ್ಚಿ, ಪ್ರೀಆಂಪ್‌ನ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿದು ಡಿಸಿ ವೋಲ್ಟೇಜನ್ನೂ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇದ್ದರೆ ಸರಿ, 50 ದಾಟಿದರೆ ಕಾರಣ ತಿಳಿಯದೆ ಕೊಳ್ಳಬಾರದು. ಮುಚ್ಚಳವನ್ನು ನೀವಾಗಿ ತೆರೆಯಬೇಡಿ: ವಾಲ್ವ್ ಪ್ರೀಆಂಪ್‌ನ ಕೆಪಾಸಿಟರ್‌ಗಳಲ್ಲಿ ಸ್ವಿಚ್ ಆರಿಸಿದ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು.

ಮನೆಗೆ ತಂದ ದಿನದಿಂದ ಪ್ರೀಆಂಪನ್ನು ಮೊದಲು, ಪವರ್ ಆಂಪನ್ನು ಕೊನೆಗೆ ಆನ್ ಮಾಡಬೇಕು. ಆಫ್ ಮಾಡುವಾಗ ಪವರ್ ಆಂಪ್ ಮೊದಲು. ಹಿಂತಿರುಗಿಸುವ ಅವಧಿಯನ್ನು ಮಾರಿದವರು ಒಪ್ಪಿದ್ದರೆ ಆ ದಿನಗಳಲ್ಲಿ ಯಂತ್ರವನ್ನು ಪ್ರತಿದಿನ ಹಲವು ಗಂಟೆ ನುಡಿಸಿ, ಏಕೆಂದರೆ ಬಿಸಿಯಾದ ಮೇಲಷ್ಟೇ ಕಾಣಿಸಿಕೊಳ್ಳುವ ದೋಷಗಳು ಅರ್ಧ ಗಂಟೆಯ ಪರೀಕ್ಷೆಗೆ ಸಿಗುವುದಿಲ್ಲ.