ಸೇಬು ಬೇಡ, ಮೂರು ಗಂಟೆ ಕೊಡಿ

ನನ್ನ ಹೆಂಡತಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಮನೆಗೆ ಬಂದವರಿಗೆ ಲೆಕ್ಕವಿಲ್ಲ. ಸೇಬು ತಂದರು, ಹಾರ್ಲಿಕ್ಸ್ ತಂದರು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅವರ ಕಡೆಯ ಇನ್ಯಾರಿಗೋ ಲಕ್ವ ಹೊಡೆದ ಕಥೆ ಹೇಳಿದರು. ನಾನು ಎಲ್ಲರಿಗೂ ಕಾಫಿ ಮಾಡಿಕೊಟ್ಟೆ. ಹೊರಡುವಾಗ "ಏನಾದ್ರೂ ಬೇಕಿದ್ರೆ ಹೇಳಿ" ಅಂದರು. ನಾನು ಯಾವತ್ತೂ ಹೇಳಲಿಲ್ಲ. ಬಾಯಿ ಬಿಟ್ಟು ಕೇಳೋಕೆ ಆಗಲ್ಲ, ಅಲ್ವಾ?

ಒಂದು ದಿನ ನನ್ನ ಜೊತೆ ಶಿಫ್ಟ್ ಮಾಡಿದ್ದ ಭಾಯಿ ಒಬ್ಬರು ಹೆಂಡತಿ ಸಮೇತ ಬಂದರು. ನನ್ನ ತಲೆ ನೋಡಿದರು. "ಹೋಗಿ ಕ್ಷೌರ ಮಾಡಿಸ್ಕೊಂಡು ಬನ್ನಿ, ನಾವಿಬ್ಬರೂ ಇಲ್ಲೇ ಕೂತಿರ್ತೀವಿ" ಅಂದರು. ಎರಡು ತಿಂಗಳಾಗಿತ್ತು ಕತ್ತರಿ ಬಿದ್ದು. ಕ್ಷೌರದ ಅಂಗಡಿಯ ಕುರ್ಚಿಯಲ್ಲೇ ನಿದ್ದೆ ಹೋದೆ. ಅವನೂ ಪಾಪ ಎಬ್ಬಿಸಲಿಲ್ಲ.

ನಾನು ಭದ್ರಾವತಿಯವನು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಮೇಲೆ ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಎಲ್ಲರೂ ಬಂದರು. ನಮ್ಮ ಕ್ವಾರ್ಟರ್ಸ್ ಲೈನಿನಲ್ಲಿ ಐದು ಭಾಷೆ ಕೇಳಿಸುತ್ತದೆ. ಈಗ ಮಕ್ಕಳು ಬೆಂಗಳೂರಿನಲ್ಲಿ, ಮುದುಕರು ಇಲ್ಲಿ. ಹೆಂಡತಿ ಹೋದ ಮೇಲೆ ನಾನು ಟೂಲ್ ಬ್ಯಾಗ್ ಹಿಡಿದು, ಕಾಯಿಲೆ ಬಿದ್ದ ಮುದುಕರಿರುವ ಮನೆಗಳಿಗೆ ಹೋಗುತ್ತೇನೆ. ಜೊತೆಗೆ ಪಕ್ಕದ ಲೈನಿನ ಟೈಲರ್ ಅಕ್ಕ ಬರುತ್ತಾರೆ. ಮನೆಯಲ್ಲಿ ಸೊಸೆ ಒಬ್ಬಳೇ ಇರುವಾಗ ಗಂಡಸು ಒಬ್ಬನೇ ಹೋದರೆ ಆ ಹೆಣ್ಣುಮಗಳಿಗೇ ಕಷ್ಟ. ನೀವೂ ಜೋಡಿಯಾಗಿ ಹೋಗಿ.

ಮೊದಲ ಕೆಲಸ, ದಿನ ಮತ್ತು ಹೊತ್ತು ಹೇಳುವುದು. "ಏನಾದ್ರೂ ಬೇಕಾ" ಅನ್ನಬೇಡಿ. "ಗುರುವಾರ ಮೂರರಿಂದ ಆರರವರೆಗೆ ನಾವು ಇಲ್ಲಿರ್ತೀವಿ, ನೀವು ಹೊರಗೆ ಹೋಗಿ ಬನ್ನಿ" ಅನ್ನಿ. ಮೊದಲ ವಾರ ಅವರು ಹೋಗಲ್ಲ. ಪಕ್ಕದಲ್ಲೇ ಕೂತು ನಮ್ಮನ್ನು ಪರೀಕ್ಷೆ ಮಾಡುತ್ತಾರೆ. ಎರಡನೇ ವಾರ ಅಂಗಡಿಗೆ ಹೋಗಿ ಹತ್ತೇ ನಿಮಿಷಕ್ಕೆ ಓಡಿ ಬರುತ್ತಾರೆ. ನಾಲ್ಕನೇ ವಾರಕ್ಕೆ ಒಳಕೋಣೆಗೆ ಹೋಗಿ ಮಲಗುತ್ತಾರೆ. ಮಲಗಲಿ. ಅದೇ ಬೇಕಾಗಿದ್ದು. ಒಂದು ವಾರ ನೀವು ಹೇಳದೆ ತಪ್ಪಿಸಿದರೆ ಮಾತ್ರ ಮತ್ತೆ ಮೊದಲಿಂದ ಶುರು.

ಅಡುಗೆ ಮಾಡಿ ಒಯ್ಯುವ ಮುಂಚೆ ಕೇಳಿ. ಕೆಲವರು ಹೊರಗಿನದು ತಿನ್ನಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬಾಳೆಹಣ್ಣು ಒಯ್ಯಿರಿ.

ಭಾಷೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಮರೆವಿನ ಕಾಯಿಲೆ ಬಂದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗುವುದುಂಟು, ಚಿಕ್ಕಂದಿನ ಭಾಷೆ ಉಳಿಯುತ್ತದೆ. ನಮ್ಮ ಲೈನಿನ ತಮಿಳು ಪಾಟಿ, ಅಂದರೆ ಅಜ್ಜಿ, ಐವತ್ತು ವರ್ಷ ಚೆನ್ನಾಗಿ ಕನ್ನಡ ಮಾತಾಡಿದವರು. ಈಗ ಬರೀ ತಮಿಳು. ಸೊಸೆ ಚಿತ್ರದುರ್ಗದ ಕಡೆಯವಳು, ಅವಳಿಗೆ ತಮಿಳು ಬರಲ್ಲ. ಪಾಟಿ "ವಲಿ, ವಲಿ" ಅಂತ ಕೂಗಿದಾಗಲೆಲ್ಲ ಅವಳು ಓಡಿಹೋಗಿ ಒಲೆ ಆರಿಸಿ ಬರುತ್ತಿದ್ದಳು! ತಮಿಳಿನಲ್ಲಿ ವಲಿ ಅಂದರೆ ನೋವು. ಎಷ್ಟು ದಿನದಿಂದ ಆ ಮುದುಕಿಗೆ ಸೊಂಟ ನೋಯುತ್ತಿತ್ತೋ.

ಅವತ್ತೇ ಒಂದು ರಟ್ಟು ತೆಗೆದುಕೊಂಡು ಕನ್ನಡ ಅಕ್ಷರದಲ್ಲೇ ಬರೆದು ಮಂಚದ ಹತ್ತಿರ ನೇತು ಹಾಕಿದೆವು. ವಲಿ ಅಂದರೆ ನೋವು, ತಣ್ಣಿ ಅಂದರೆ ನೀರು, ಪಸಿ ಅಂದರೆ ಹಸಿವು, ಪೋದುಂ ಅಂದರೆ ಸಾಕು. ಹತ್ತು ಮಾತು ಸಾಕಾಗುತ್ತದೆ. ಆ ಭಾಷೆಯ ನೆರೆಯವರನ್ನು ಕೂರಿಸಿಕೊಂಡು ಬರೆಯಿರಿ. ಉಚ್ಚೆ, ಕಕ್ಕಸ್ಸಿಗೆ ಆ ಮನೆಯಲ್ಲಿ ಏನು ಅನ್ನುತ್ತಾರೋ ಅದೇ ಇರಲಿ, ಪುಸ್ತಕದ ಮಾತು ಬೇಡ. ಇನ್ನೊಂದು, ಆಸ್ಪತ್ರೆಗೆ ಸೇರಿಸಿದರೆ ಆ ರಟ್ಟೂ ಜೊತೆಗೆ ಹೋಗಬೇಕು.

ಇದ್ದಕ್ಕಿದ್ದಂತೆ ಎರಡೇ ದಿನದಲ್ಲಿ ಮುದುಕರು ಏನೇನೋ ಮಾತಾಡಲು ಶುರು ಮಾಡಿದರೆ, ಗುರುತು ತಪ್ಪಿದರೆ, "ವಯಸ್ಸಾಯ್ತು ಬಿಡಿ" ಅನ್ನುವವರ ಮಾತು ಕೇಳಬೇಡಿ. ನನಗೆ ಒಂದು ಕಡೆ ಹಾಗೇ ಹೇಳಿ ಕಳಿಸಿದ್ದರು. ಆಮೇಲೆ ನೋಡಿದರೆ ಮೂತ್ರದ ಸೋಂಕು. ವಯಸ್ಸಾದವರಲ್ಲಿ ಜ್ವರ ಇಲ್ಲದೆಯೂ ಸೋಂಕು ಇರಬಹುದು. ರಕ್ತದಲ್ಲಿ ಸೋಡಿಯಂ ಕಮ್ಮಿಯಾದರೂ ಹೀಗಾಗುತ್ತದೆ. ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮುಖ ಸೊಟ್ಟಗಾಗಿ ಮಾತು ತೊದಲಿದರೆ, ಒಂದು ಕೈ ಎತ್ತೋಕೆ ಆಗದಿದ್ದರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಉಪವಾಸದ ವಿಷಯದಲ್ಲಿ ವಾದಕ್ಕೆ ನಿಲ್ಲಬೇಡಿ. ಸಕ್ಕರೆ ಕಾಯಿಲೆಯ ಒಬ್ಬ ದಾದಿ, ಅಂದರೆ ಮುಸ್ಲಿಂ ಮನೆಯ ಅಜ್ಜಿ, ರಂಜಾನಿನ ರೋಜಾ ಬಿಡಲ್ಲ ಅಂತ ಹಠ ಹಿಡಿದಿದ್ದರು. ಅವರಿಗೆ ನಾನು ಹೇಳಿದರೆ ತಪ್ಪಾಗುತ್ತದೆ. ಭಾಯಿ ಹೋಗಿ ಮಸೀದಿಯ ಹಿರಿಯರನ್ನು ಕರೆತಂದರು. ಕಾಯಿಲೆಯವರಿಗೆ ವಿನಾಯಿತಿ ಇದೆ, ಬದಲಿಗೆ ಬಡವರಿಗೆ ಊಟ ಹಾಕಿಸಬಹುದು ಅಂತ ಅವರು ಹೇಳಿದ ಮೇಲೆ ದಾದಿ ಒಪ್ಪಿದರು. ಏಕಾದಶಿಯ ಅಜ್ಜಿಗೂ ಅವರ ಮಠದವರೇ ಹೇಳಲಿ. ಅಷ್ಟಕ್ಕೂ ಒಪ್ಪದಿದ್ದರೆ, ಮಾತ್ರೆ ಮತ್ತು ಇನ್ಸುಲಿನ್ ಹೊತ್ತು ಹೇಗೆ ಬದಲಿಸಬೇಕು ಅಂತ ಉಪವಾಸಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ.

ಇನ್ನು ನನ್ನ ಕಸುಬು, ಬಚ್ಚಲುಮನೆ. ನಮ್ಮ ಕ್ವಾರ್ಟರ್ಸಿನ ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಕೀಲು ಬಿಚ್ಚಿ ಹೊರಕ್ಕೆ ತೆರೆಯುವ ಹಾಗೆ ಕೂರಿಸಿ, ಅರ್ಧ ದಿನದ ಕೆಲಸ. ಒಳಗಿನ ಚಿಲಕ ತೆಗೆದುಬಿಡಿ. ಮರ್ಯಾದೆಗೆ ಒಂದು ಪರದೆ ಸಾಕು. ಕೈಹಿಡಿಗೆ ಒಂದೂಕಾಲರಿಂದ ಒಂದೂವರೆ ಇಂಚಿನ ಪೈಪ್ ತನ್ನಿ, ಅದಕ್ಕಿಂತ ದಪ್ಪ ಆದರೆ ಮುಷ್ಟಿ ಮುಚ್ಚಲ್ಲ. ನೆಲದಿಂದ ಸುಮಾರು ಮೂರು ಅಡಿ ಎತ್ತರ. ಕಮೋಡಿನ ಪಕ್ಕ ಮಾತ್ರ ಅವರನ್ನೇ ಕೂರಿಸಿ ಅಳತೆ ನೋಡಿ. ಗೋಡೆಗೆ ಆಂಕರ್ ಬೋಲ್ಟ್ ಹಾಕಿ. ಟವೆಲ್ ರಾಡನ್ನು ನಂಬಬೇಡಿ, ಅದು ಟವೆಲಿಗೆ ಮಾಡಿದ್ದು. ಹಾಕಿದ ಮೇಲೆ ನೀವೇ ಜಗ್ಗಿ ನೋಡಿ. ನಾನು ಎಪ್ಪತ್ತೆಂಟು ಕೆಜಿ, ಅದೇ ನನ್ನ ಟೆಸ್ಟಿಂಗ್. ರಾತ್ರಿ ಮಂಚದಿಂದ ಬಚ್ಚಲವರೆಗೆ ಒಂದು ಜೀರೋ ಬಲ್ಬ್ ಉರಿಯಲಿ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಾ ಬಾಲಮೂಳೆ ಮತ್ತು ಹಿಮ್ಮಡಿ ನೋಡಿ. ಕೆಂಪಾದ ಜಾಗವನ್ನು ಒತ್ತಿ ಬಿಟ್ಟರೂ ಕೆಂಪಾಗೇ ಇದ್ದರೆ ಹುಣ್ಣು ಶುರುವಾಗಿದೆ. ಅದನ್ನು ಉಜ್ಜಬೇಡಿ. ಆ ಮಗ್ಗುಲಿಗೆ ಮಲಗಿಸದೆ ನರ್ಸಿಗೆ ತೋರಿಸಿ. ಗಂಜಿಯನ್ನು ಮಲಗಿಸಿಕೊಂಡು ಕುಡಿಸಲೇಬೇಡಿ, ಎಬ್ಬಿಸಿ ಕೂರಿಸಿ. ಆಮೇಲೂ ಅರ್ಧ ಗಂಟೆ ಹಾಗೇ ಒರಗಿಕೊಂಡಿರಲಿ.

ಕಾಗದಪತ್ರದ ಕೆಲಸ ನೀವು ತಲೆ ಮೇಲೆ ಹೊತ್ತುಕೊಂಡರೆ ಮನೆಯವರಿಗೆ ದೊಡ್ಡ ಉಪಕಾರ. ಬದುಕಿದ್ದೇವೆ ಅಂತ ತೋರಿಸುವ ಪೆನ್ಶನ್‌ನ ಜೀವನ ಪ್ರಮಾಣ ಪತ್ರಕ್ಕೆ ನಮ್ಮಂಥವರ ಬೆರಳು ಮೆಷಿನ್‌ನಲ್ಲಿ ಬರುವುದೇ ಇಲ್ಲ. ಮೂವತ್ತು ವರ್ಷ ಅರ ಉಜ್ಜಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. ಪಿಎಫ್ ಪೆನ್ಶನ್‌ನವರು ನವೆಂಬರ್‌ನಲ್ಲೇ ಸಾಲು ನಿಲ್ಲಬೇಕಾಗಿಲ್ಲ, ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಪೆನ್ಶನ್ ಇಲ್ಲದ, 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಅಂತ ಸರ್ಕಾರದ ಮಾಸಾಶನ ಇದೆ, ನಾಡಕಚೇರಿಯಲ್ಲಿ ಅರ್ಜಿ ಕೊಡಿ.

ಮಕ್ಕಳು ತಿರುಗಿ ನೋಡದಿದ್ದರೆ ತಂದೆತಾಯಿ, ಹಿರಿಯರ ಪಾಲನೆಗೆ ಅಂತ 2007ರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಹಾಕಿ ಅಂತ ನಾನಾಗಿ ಯಾರಿಗೂ ಹೇಳಿಲ್ಲ. ಹಾಗೊಂದು ದಾರಿ ಇದೆ ಅಂತ ಹೇಳುತ್ತೇನೆ, ಉಳಿದದ್ದು ಅವರದು. ಹಿರಿಯರ ಸಹಾಯವಾಣಿ 14567 ನಂಬರನ್ನು ಗೋಡೆಗೆ ಅಂಟಿಸಿ. 14416 ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ಆ ನಂಬರು ನೋಡಿಕೊಳ್ಳುವವರಿಗೆ. ರಾತ್ರಿ ಎರಡು ಗಂಟೆಗೂ ಫೋನ್ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ. ನಮ್ಮವರ ಮೇಲೆ ನಮಗೇ ಕೋಪ ಬಂದು ಕೈ ಎತ್ತುವ ಹಾಗಾಗುತ್ತದೆ. ನನಗೂ ಆಗಿದೆ. ಅಂಥ ಹೊತ್ತಿಗೆ ಆ ನಂಬರು.

ಕೊನೆಗೆ ಒಂದು ದಿನ ಹಾಸಿಗೆ ಖಾಲಿಯಾಗುತ್ತದೆ. ಕಾರ್ಯ ಮುಗಿದ ಮೇಲೆ ಯಾರೂ ಬರಲ್ಲ. ನೀವು ಇನ್ನೂ ಎರಡು ತಿಂಗಳು ಅದೇ ಗುರುವಾರ, ಅದೇ ಮೂರು ಗಂಟೆಗೆ ಹೋಗಿ. ನನ್ನ ಮೊಬೈಲಿನಲ್ಲಿ ಎರಡು ಗಂಟೆಗೊಮ್ಮೆ ಹೊಡೆಯುವ ಅಲಾರಂ ತೆಗೆಯೋಕೆ ನನಗೆ ಒಂದು ತಿಂಗಳು ಬೇಕಾಯಿತು. ಏರ್ ಬೆಡ್ ಮಡಚೋಕೆ, ಉಳಿದ ಡೈಪರ್ ಪ್ಯಾಕೆಟ್ಟನ್ನು ಇನ್ನೊಂದು ಮನೆಗೆ ದಾಟಿಸೋಕೆ ಜೊತೆಗೊಬ್ಬರು ಬೇಕು. ಬಚ್ಚಲಿನ ಪೈಪನ್ನು ಮಾತ್ರ ಬಿಚ್ಚಬೇಡಿ. ನೋಡಿಕೊಂಡವರಿಗೂ ಅಷ್ಟೊತ್ತಿಗೆ ಮಂಡಿನೋವು ಶುರುವಾಗಿರುತ್ತದೆ.