ಸಿಂಗಾಪುರದ ಜನನ ಲೆಕ್ಕದಲ್ಲಿ ನಿಮ್ಮ ಮಗು ಎಲ್ಲಿ ಬರುತ್ತದೆ?

ಸಿಂಗಾಪುರದಲ್ಲಿ ನೆಲೆಸಿ ಸಂಸಾರ ಹೂಡುವ ಕನ್ನಡಿಗರು ಮೊದಲು ತಿಳಿಯಬೇಕಾದದ್ದು, ಈ ದೇಶ ತನ್ನ ಜನರನ್ನು ಮೂರು ವರ್ಗಗಳಾಗಿ ಎಣಿಸುತ್ತದೆ ಎಂಬುದನ್ನು. 2024ರ ಜೂನ್‌ನಲ್ಲಿದ್ದ ಸುಮಾರು 60 ಲಕ್ಷ ಜನರಲ್ಲಿ 36 ಲಕ್ಷ ಮಂದಿ ಪೌರರು, 5.4 ಲಕ್ಷ ಮಂದಿ ಕಾಯಂ ನಿವಾಸಿಗಳು (ಪಿಆರ್). ಉಳಿದ 18 ಲಕ್ಷಕ್ಕೂ ಹೆಚ್ಚು ಮಂದಿ ಪಾಸ್‌ಗಳ (ತಾತ್ಕಾಲಿಕ ವಾಸದ ಪರವಾನಗಿಗಳ) ಮೇಲೆ ಬಂದ ಉದ್ಯೋಗಿಗಳು, ಅವರ ಅವಲಂಬಿತರು ಮತ್ತು ವಿದ್ಯಾರ್ಥಿಗಳು. ಸರ್ಕಾರ ಪ್ರಕಟಿಸುವ ಫಲವತ್ತತೆಯ ದರ, ಎಂದರೆ ಒಬ್ಬ ಮಹಿಳೆ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ, ಮೊದಲೆರಡು ವರ್ಗಗಳದ್ದು ಮಾತ್ರ.

ಆ ದರ 2023ರಲ್ಲಿ ಮೊದಲ ಬಾರಿಗೆ ಒಂದಕ್ಕಿಂತ ಕೆಳಗಿಳಿದು 0.97 ಆಯಿತು. ಜನಸಂಖ್ಯೆ ತಾನಾಗಿಯೇ ಸ್ಥಿರವಾಗಿ ಉಳಿಯಲು ಬೇಕಾದ 2.1ರ ಮಟ್ಟವನ್ನು ಸಿಂಗಾಪುರ 1970ರ ದಶಕದಲ್ಲೇ ಕಳೆದುಕೊಂಡಿತ್ತು. ಆಗ ಅದು ಸರ್ಕಾರವೇ ಬಯಸಿದ್ದ ಇಳಿಕೆ: ಎರಡು ಮಕ್ಕಳಿಗೆ ನಿಲ್ಲಿಸಿ ಎಂದು ಪ್ರಚಾರ ಮಾಡಿ, ಆನಂತರದ ಹೆರಿಗೆಗಳಿಗೆ ಸರ್ಕಾರಿ ಆಸ್ಪತ್ರೆಯ ಶುಲ್ಕವನ್ನು ಏರಿಸಿ, ಶಾಲಾ ಪ್ರವೇಶದ ಆದ್ಯತೆಯನ್ನೂ ತಗ್ಗಿಸಲಾಗಿತ್ತು. 1987ರಲ್ಲಿ ನೀತಿ ತಿರುಗಿತು. ಶಕ್ತಿಯಿದ್ದವರು ಮೂರು ಅಥವಾ ಹೆಚ್ಚು ಮಕ್ಕಳನ್ನು ಪಡೆಯಿರಿ ಎಂದಾಗ ದರ ಸ್ವಲ್ಪ ಕಾಲ ಏರಿತಾದರೂ ಮತ್ತೆ ಇಳಿಯಿತು. ಚೀನೀಯರು ಶುಭವೆಂದು ಎಣಿಸುವ ಡ್ರ್ಯಾಗನ್ ವರ್ಷವಾದ 2024ರಲ್ಲೂ ಅದು 0.97ರಲ್ಲೇ ನಿಂತಿತು. ಜನನಗಳು ಇನ್ನೂ ಮರಣಗಳಿಗಿಂತ ಹೆಚ್ಚಿದ್ದರೂ (2023ರಲ್ಲಿ ಸುಮಾರು 33,500ಕ್ಕೆ 26,900) ವೃದ್ಧರ ಪಾಲು ಬೆಳೆದಂತೆ ಅಂತರ ಕಿರಿದಾಗುತ್ತಿದೆ. ಮಕ್ಕಳ ಈ ಕೊರತೆಯನ್ನು ತುಂಬಲೆಂದೇ ಪ್ರತಿವರ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಪೌರತ್ವ ನೀಡಲಾಗುತ್ತಿದೆ.

ಮಕ್ಕಳಿಗಾಗಿ ಇಷ್ಟು ಹಂಬಲಿಸುವ ದೇಶ ಇಲ್ಲಿ ಹುಟ್ಟಿದ ಮಗುವನ್ನೆಲ್ಲ ತನ್ನದೆನ್ನುತ್ತದೆ ಎಂದು ಎಣಿಸಬೇಡಿ. ತಂದೆ ತಾಯಿಯರಲ್ಲಿ ಯಾರೊಬ್ಬರೂ ಪೌರರಲ್ಲದಿದ್ದರೆ ಮಗುವಿಗೆ ಜನ್ಮದಿಂದ ಪೌರತ್ವವಿಲ್ಲ; ಇಬ್ಬರೂ ಪಿಆರ್ ಆಗಿದ್ದರೂ ಮಗುವಿನ ಪಿಆರ್‌ಗೆ ಬೇರೆ ಅರ್ಜಿ ಹಾಕಬೇಕು. ಮೊದಲ ಎರಡು ಮಕ್ಕಳಿಗೆ ತಲಾ 11,000 ಸಿಂಗಾಪುರ ಡಾಲರ್, ಮೂರನೆಯದರಿಂದ 13,000 ಡಾಲರ್ ನಗದು ಕೊಡುವ ಬೇಬಿ ಬೋನಸ್ ಪೌರ ಮಕ್ಕಳಿಗೆ ಮೀಸಲು. ತಾಯಿಗೆ 16 ವಾರಗಳ ಹೆರಿಗೆ ರಜೆಯೂ ಹಾಗೆಯೇ. ಮಗು ಪೌರನಲ್ಲದಿದ್ದರೆ ಉದ್ಯೋಗ ಕಾಯಿದೆಯಡಿ 12 ವಾರ.

ಜನನವನ್ನು 42 ದಿನಗಳೊಳಗೆ ನೋಂದಾಯಿಸಬೇಕು. ಪೌರತ್ವವಿಲ್ಲದ ಮಗು ಪಾಸ್ ಇಲ್ಲದೆ ಇರಬಹುದಾದ ಅವಧಿಯೂ ಅಷ್ಟೇ. ಅಷ್ಟರೊಳಗೆ ಭಾರತೀಯ ಹೈಕಮಿಷನ್‌ನಲ್ಲಿ ಜನನ ನೋಂದಾಯಿಸಿ, ಪಾಸ್‌ಪೋರ್ಟ್ ಪಡೆದು, ಡಿಪೆಂಡೆಂಟ್ ಪಾಸ್‌ಗೆ (ಅವಲಂಬಿತರ ಪಾಸ್) ಅರ್ಜಿ ಸಲ್ಲಿಸುವುದೆಂದರೆ ಬಾಣಂತನದ ಮನೆಯಲ್ಲಿ ಸಾಕಷ್ಟು ಓಡಾಟವೇ, ಆದ್ದರಿಂದ ಹೆರಿಗೆಗೆ ಮೊದಲೇ ಕಾಗದಪತ್ರ ಜೋಡಿಸಿಡಿ. ಡಿಪೆಂಡೆಂಟ್ ಪಾಸ್ ಕೊಡಿಸುವ ಪೋಷಕರ ಮಾಸಿಕ ವೇತನ ಕನಿಷ್ಠ 6,000 ಡಾಲರ್ ಇರಬೇಕು. ಭಾರತೀಯ ನೋಂದಣಿ ಒಂದು ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.