ತೆಳ್ಳನೆ ಪಟ್ಟಿಯಲ್ಲೇ ಎದ್ದು ನಿಂತ ಕ್ಯಾಂಪರ್ ವ್ಯಾನ್: ನನ್ನ ಅನುಭವ

ಹಿಂದಿನ ಸ್ಪ್ರಿಂಗಿಗೆ ದಪ್ಪ ಉಕ್ಕಿನ ಪಟ್ಟಿ ಸೇರಿಸದೆ, ಮಲಗೋಕೆ ಅಡುಗೆಗೆ ಸಜ್ಜಾದ ಈ ವ್ಯಾನಿನ ಹಿಂಭಾಗ ಭಾರಕ್ಕೆ ನಿಲ್ಲೋದೇ ಇಲ್ಲ ಅಂತ ಎಲ್ಲರೂ ಹೇಳಿದ್ದರು. ಮೆಕ್ಯಾನಿಕ್ ಹೇಳಿದರು, ಸ್ವಂತವಾಗಿ ಕ್ಯಾಂಪರ್ ಕಟ್ಟಿಕೊಂಡ ಗೆಳೆಯರೂ ಹೇಳಿದರು. ನಾನು ಕೊನೆಗೆ ಎರಡೂ ಕಡೆ ಒಂದೊಂದು ತೆಳ್ಳನೆ ಪಟ್ಟಿ ಹಾಕಿಸಿದೆ, ಸೇರಿಸಿದ ಪಟ್ಟಿ ಅಷ್ಟೇ. ವರ್ಷದ ಮೇಲಾಯಿತು. ನೀರು, ಬ್ಯಾಟರಿ, ಸೈಕಲ್ಲು ಎಲ್ಲಾ ತುಂಬಿದ ಮೇಲೂ ವ್ಯಾನ್ ಸಮವಾಗಿ ನಿಲ್ಲುತ್ತದೆ. ಆಗ ಆಗಲ್ಲ ಅಂತ ತಲೆ ಆಡಿಸಿದವರೇ ಈಗ ಟಾರ್ಚ್ ಹಿಡಿದು ಕೆಳಗೆ ತೂರಿ ನೋಡುತ್ತಿದ್ದಾರೆ.

ನನ್ನದು ಉದ್ದನೆ ಪ್ಯಾನೆಲ್ ವ್ಯಾನ್. ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು), ಒಟ್ಟು ತೂಕದ ಮಿತಿ 3,500 ಕೆಜಿ. ಮಂಚ, ಕಪಾಟು, ಅಡುಗೆ ಕಟ್ಟೆ, ಬ್ಯಾಟರಿ, 100 ಲೀಟರಿನ ನೀರಿನ ಟ್ಯಾಂಕ್ ಎಲ್ಲಾ ಕೂರಿಸಿದ ಮೇಲೆ ಹಿಂಭಾಗ ಕೂತೇಬಿಟ್ಟಿತು. ಖಾಲಿ ಇದ್ದಾಗ ಬಂಪ್ ಸ್ಟಾಪಿಗೂ (ಚಕ್ರದ ಅಚ್ಚು ಚಾಸಿಸ್‌ಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ಆಕ್ಸಲ್‌ಗೂ ನಡುವೆ ನಾಲ್ಕು ಬೆರಳು ಜಾಗ ಇತ್ತು. ತುಂಬಿದ ಮೇಲೆ ಒಂದು ಬೆರಳು ತೂರಿಸೋದೂ ಕಷ್ಟ. ಸಣ್ಣ ಗುಂಡಿ ಬಂದರೂ ಧಡ್ ಅಂತ ಸದ್ದು.

ಮೊದಲು ಎಲ್ಲರ ಮಾತಿನಂತೆ ದಪ್ಪ ಪಟ್ಟಿಯನ್ನೇ ಹಾಕಿಸಿದ್ದೆ. ಹಿಂಭಾಗ ಎದ್ದಿತು, ನಿಜ. ಆದರೆ ರಸ್ತೆ ಉಬ್ಬಿನ ಮೇಲೆ ಹಿಂದಿನ ಚಕ್ರ ನೆಲ ಬಿಟ್ಟು ಎಗರುತ್ತಿತ್ತು. ಕಪಾಟಿನ ಚಿಲಕ ತಾನಾಗೇ ತೆರೆದುಕೊಳ್ಳುತ್ತಿತ್ತು. ಕೀಲುಗಳ ಸ್ಕ್ರೂ ಒಂದೊಂದಾಗಿ ಸಡಿಲವಾದವು. ಮೇಲಿನ ಸೋಲಾರ್ ಪ್ಯಾನೆಲಿನ ಒಂದು ಬ್ರಾಕೆಟ್ ಸೀಳಿತು. ಹಾಕಿಸಿದ ಕೂಲಿ, ತೆಗೆಸಿದ ಕೂಲಿ, ಮೇಲೆ ಕಪಾಟಿನ ರಿಪೇರಿ. ಪಟ್ಟಿಗೆ ಕೊಟ್ಟ ದುಡ್ಡಿಗಿಂತ ಅದು ಒಡೆದುಹಾಕಿದ್ದಕ್ಕೆ ಜಾಸ್ತಿ ಸುರಿದೆ.

ಆಮೇಲೆ ಏರ್ ಬ್ಯಾಗ್, ಅಂದರೆ ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಕೂರಿಸುವ ಗಾಳಿ ತುಂಬಿದ ರಬ್ಬರ್ ಚೀಲ. ಪಟ್ಟಿ ಹಳೆಯದೇ ಇರಲಿ, ಎತ್ತೋದೆಲ್ಲ ಗಾಳಿ ಮಾಡಲಿ ಅನ್ನೋ ಲೆಕ್ಕ. ಸುಮಾರು 60 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿದರೆ ಎತ್ತರ ಸರಿಹೋಗುತ್ತಿತ್ತು. ತಿರುವಿನಲ್ಲಿ ಮಾತ್ರ ಭಯ. ಫಿಟ್ ಮಾಡಿದವರು ಎರಡೂ ಬ್ಯಾಗಿಗೆ ಸೇರಿ ಒಂದೇ ಪೈಪ್ ಕೊಟ್ಟಿದ್ದರು. ವ್ಯಾನ್ ಒಂದು ಕಡೆ ವಾಲಿದರೆ ಆ ಕಡೆಯ ಗಾಳಿ ಇನ್ನೊಂದು ಕಡೆಗೆ ಓಡುತ್ತದೆ. ವಾಲಿದ್ದು ಇನ್ನೂ ವಾಲುತ್ತದೆ. ಅಡ್ಡಗಾಳಿ ಬೀಸಿದಾಗಲಂತೂ ಸ್ಟೀರಿಂಗ್ ಬಿಗಿಹಿಡಿದೇ ಕೂರಬೇಕಿತ್ತು. ಒಂದು ದಿನ ಕೆಳಗೆ ಮಲಗಿ ನೋಡಿದರೆ, ಬ್ಯಾಗಿನ ಮೇಲಿನ ಬ್ರಾಕೆಟ್ ಸುತ್ತ ಚಾಸಿಸ್ ಪೇಂಟ್ ಕೂದಲೆಳೆಯಷ್ಟು ಬಿರಿದಿತ್ತು. ಬಿರುಕಿನ ಉದ್ದಕ್ಕೂ ತುಕ್ಕಿನ ಕೆಂಪು ಗೆರೆ. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಎರಡು ತುದಿಗೆ ಹಂಚುತ್ತದೆ. ಬ್ಯಾಗ್ ಒಂದೇ ಜಾಗಕ್ಕೆ ಒತ್ತುತ್ತದೆ. ಆ ಗೆರೆ ನೋಡಿದ ಮೇಲೆ ನನ್ನ ನಿರ್ಧಾರ ಗಟ್ಟಿಯಾಯಿತು: ಭಾರ ಹೊರುವ ಕೆಲಸ ಪಟ್ಟಿಯದು, ಗಾಳಿ ಏನಿದ್ದರೂ ಹೊಂದಿಸೋದಕ್ಕೆ.

ಮುಂದಿನ ಪಾರ್ಟ್ ತರೋ ಮೊದಲು ವ್ಯಾನನ್ನು ಲಾರಿ ತೂಗುವ ವೇ ಬ್ರಿಡ್ಜಿಗೆ ಒಯ್ದೆ. ಬರೀ ಒಟ್ಟು ತೂಕ ಸಾಲದು. ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ, ಆಮೇಲೆ ಎಡ ಬಲ ಬೇರೆ ಬೇರೆ ತೂಗಿಸಿದೆ. ಒಟ್ಟು ಸುಮಾರು 3,300. ಹಿಂದೆ 1,900 ಚಿಲ್ಲರೆ, ಆಕ್ಸಲ್ ಮಿತಿಗೆ ಹತ್ತಿರ ಹತ್ತಿರ. ಹಿಂದಿನ ಎಡ ಚಕ್ರದ ಮೇಲೆ ಬಲಕ್ಕಿಂತ 80–90 ಕೆಜಿ ಜಾಸ್ತಿ. ಅಡುಗೆ ಕಟ್ಟೆ, ಬ್ಯಾಟರಿ, ಟ್ಯಾಂಕ್ ಮೂರೂ ಎಡಕ್ಕೇ ಇದ್ದವಲ್ಲ! ಇಲ್ಲೊಂದು ಮಾತು ಒತ್ತಿ ಹೇಳುತ್ತೇನೆ. ಸ್ಪ್ರಿಂಗ್ ಎಷ್ಟು ಗಟ್ಟಿ ಮಾಡಿದರೂ ತೂಕದ ಮಿತಿ ಒಂದು ಕೆಜಿಯೂ ಏರೋದಿಲ್ಲ. ಬ್ರೇಕು, ಬೇರಿಂಗು, ಟೈರು ಎಲ್ಲಾ ಹಳೆಯವೇ ಅಲ್ವಾ?

ಆಮೇಲೆ ಟ್ಯಾಂಕ್ ಸರಿಸಿದೆ. ಹಿಂದಿನ ಆಕ್ಸಲ್‌ಗಿಂತ 80 ಸೆಂಟಿಮೀಟರ್ ಆಚೆ ಇದ್ದದ್ದನ್ನು ಆಕ್ಸಲ್‌ನ ಮುಂದೆ, ಬಲಕ್ಕೆ ತಂದೆ. ಆಚೆ ಇದ್ದಾಗ 100 ಕೆಜಿ ನೀರು ಹಿಂದಿನ ಆಕ್ಸಲ್ ಮೇಲೆ 120ರಷ್ಟು ಕೂರುತ್ತಿತ್ತು, ಆ ಹೆಚ್ಚುವರಿ 20ರಷ್ಟು ಮುಂದಿನ ಚಕ್ರಗಳನ್ನು ಹಗುರ ಮಾಡುತ್ತಿತ್ತು. ಈಗ 70ರ ಒಳಗೆ. ಅಂದರೆ ಒಂದು ನಟ್ಟೂ ಕೊಳ್ಳದೆ ಹಿಂದೆ 50 ಕೆಜಿ ಮೇಲೆ ಇಳಿಯಿತು. ಸೈಕಲ್ ಸ್ಟ್ಯಾಂಡಿಗೂ ಇದೇ ಲೆಕ್ಕ.

ಟ್ಯಾಂಕ್ ಬಿಚ್ಚಿದ್ದಾಗಲೇ ಇನ್ನೊಂದು ಪ್ರಯೋಗ ಮಾಡಿದೆ. ಅರ್ಧ ಟ್ಯಾಂಕ್ ಇದ್ದಾಗ ಮಾತ್ರ ವ್ಯಾನ್ ಒಂಥರಾ ತೂಗುತ್ತಿತ್ತು. ತುಂಬಿದಾಗ ಇಲ್ಲ, ಖಾಲಿಯಾದಾಗಲೂ ಇಲ್ಲ. ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ) ಹೋಗಿದೆ ಅಂದರು ಮೆಕ್ಯಾನಿಕ್. ನಾನು ಟ್ಯಾಂಕಿನ ಒಳಗೆ ಅಡ್ಡ ತಡೆ ಕೂರಿಸಿದೆ, ನೀರು ಆ ಕಡೆಯಿಂದ ಈ ಕಡೆಗೆ ನುಗ್ಗೋದು ನಿಂತಿತು, ತೂಗಾಟವೂ ಹೋಯಿತು. ಸಸ್ಪೆನ್ಷನ್ ಮೇಲೆ ದೂರು ಹಾಕೋ ಮೊದಲು ಟ್ಯಾಂಕ್ ನೋಡಿ.

ಈಗ ಪಟ್ಟಿಯ ವಿಷಯ. ಇದ್ದ ಪಟ್ಟಿಗಳ ಮುಕ್ಕಾಲು ದಪ್ಪದ ಪಟ್ಟಿ ಕೇಳಿದಾಗ ಸ್ಪ್ರಿಂಗ್ ಕೆಲಸದವರು ನಕ್ಕರು. "ಇದೇನು ಹೊರುತ್ತೆ ಸಾರ್?" ಅಂದರು. ದಪ್ಪ ಮುಕ್ಕಾಲಾದರೆ ಆ ಪಟ್ಟಿಯ ಗಡಸು, ಅಂದರೆ ಬಾಗದೆ ತಡೆಯುವ ಬಲ, ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ನನಗೆ ಬೇಕಿದ್ದದ್ದೂ ಅದೇ. ಗಡಸು ಸ್ವಲ್ಪವೇ ಏರಬೇಕು, ಎತ್ತರ ಬಾಗಿನಿಂದ ಬರಬೇಕು. ಹಾಗಾಗಿ ತೆಳ್ಳಗೆ, ಉದ್ದಕ್ಕೆ, ಬಾಗು ಜಾಸ್ತಿ. ಎಷ್ಟು ಬಾಗು, ಪಟ್ಟಿಗಳ ತುದಿ ನಡುವೆ ಏನು ಇಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಕೊಳ್ಳೋಕೆ ಒಂದು ಸೆಟ್ ಟೈರಿನ ದುಡ್ಡು ಹೋಗಿದೆ. ಹಳೇ ಪಟ್ಟಿಗಳನ್ನು ತಣ್ಣಗೇ ಬಡಿದು ಬಾಗಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಗೆಳೆಯರೊಬ್ಬರ ವ್ಯಾನಿನಲ್ಲಿ ಅದು ಕೆಲವೇ ತಿಂಗಳಲ್ಲಿ ಮತ್ತೆ ಚಪ್ಪಟೆಯಾಯಿತು. ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದೇ ಹಾಕಿಸಿದೆ. ಸ್ಪ್ರಿಂಗ್ ತುದಿಯ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಜಾಕಿನ ಮೇಲಿದ್ದಾಗ ಬಿಗಿ ಮಾಡಿಸಲಿಲ್ಲ. ಚಕ್ರ ನೆಲದ ಮೇಲೆ ನಿಂತು, ಪೂರ್ತಿ ಭಾರ ಬಿದ್ದ ಮೇಲೆಯೇ ಬಿಗಿ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಏರ್ ಬ್ಯಾಗ್ ಬಿಸಾಡಲಿಲ್ಲ. ಬ್ರಾಕೆಟ್ ಕೆಳಗೆ ಅಗಲದ ಪ್ಲೇಟ್ ಕೊಟ್ಟು, ಎಡಕ್ಕೊಂದು ಬಲಕ್ಕೊಂದು ಬೇರೆ ಪೈಪ್ ಎಳೆದೆ. ಈಗ ಪೂರ್ತಿ ಲೋಡಿಗೆ 20–25 ಪಿಎಸ್‌ಐ ಸಾಕು, ಎಡಕ್ಕೆ ಮೂರು ನಾಲ್ಕು ಜಾಸ್ತಿ. ಖಾಲಿ ಇದ್ದಾಗಲೂ 8–10ಕ್ಕಿಂತ ಇಳಿಸಲ್ಲ. ಗಾಳಿಯೇ ಇಲ್ಲದಿದ್ದರೆ ಬ್ಯಾಗ್ ಮಡಚಿ ಸಿಕ್ಕಿಹಾಕಿಕೊಂಡು ಹರಿಯುತ್ತದೆ. ಪೈಪಿನ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿದೆ. ಒಂದರಲ್ಲಿ ನಿಧಾನಕ್ಕೆ ಗುಳ್ಳೆ ಬಂತು. ಪೈಪಿನ ತುದಿ ಓರೆಯಾಗಿ ಕತ್ತರಿಸಿದ್ದರು. ನೇರಕ್ಕೆ ಕತ್ತರಿಸಿ ಮತ್ತೆ ಕೂರಿಸಿದೆ, ನಿಂತಿತು.

ಶಾಕ್ ಕೊನೆಗೆ. ಸ್ಪ್ರಿಂಗ್ ತೀರ್ಮಾನ ಆಗೋ ಮೊದಲೇ ಶಾಕ್ ಕೊಂಡವರು ಸಾಮಾನ್ಯವಾಗಿ ಎರಡು ಸಲ ಕೊಳ್ಳುತ್ತಾರೆ. ದುಡ್ಡು ಮುಟ್ಟಿದ್ದರೆ ಇದಕ್ಕೇ, ಇಡೀ ಖರ್ಚಿನ ಮೂರರಲ್ಲೊಂದು ಭಾಗ. ಕೊಟ್ಟದ್ದಕ್ಕೆ ಬೇಸರವಿಲ್ಲ. ಉಬ್ಬು ದಾಟಿದ ಮೇಲೆ ಹಿಂಭಾಗ ಒಮ್ಮೆ ಇಳಿದು ಏರಿ ನಿಲ್ಲುತ್ತದೆ, ಮತ್ತೆ ಕುಣಿಯಲ್ಲ.

ಸರಿಹೋಯಿತಾ ಅಂತ ಬಾಯಿಮಾತಲ್ಲಿ ನಂಬಲಿಲ್ಲ. ಬಂಪ್ ಸ್ಟಾಪಿನ ತುದಿಗೆ ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆ ಅಂಟಿಸಿ, ಪೂರ್ತಿ ಲೋಡಿನಲ್ಲಿ ಕೆಟ್ಟ ರಸ್ತೆಗೆ ಬಿಟ್ಟೆ. ಮೊದಲಾಗಿದ್ದರೆ ಉಂಡೆ ರೊಟ್ಟಿಯಾಗುತ್ತಿತ್ತು. ಈ ಸಲ ಎಡಗಡೆಯದರ ಮೂಗು ಮಾತ್ರ ಚೂರು ಒತ್ತಿತ್ತು. ಬಲಗಡೆಯದರ ಮೇಲೆ ನನ್ನ ಬೆರಳಚ್ಚು ಹಾಗೇ ಇತ್ತು. ಎಡಕ್ಕೆ ಎರಡು ಪಿಎಸ್‌ಐ ಏರಿಸಿದ ಮೇಲೆ ಅದೂ ಮುಟ್ಟಲಿಲ್ಲ. ಈ ಉಪಾಯವನ್ನು ಧಾರಾಳವಾಗಿ ಹಂಚಿಕೊಳ್ಳಿ.

ತುಂಬಾ ಜನ ಬಿಟ್ಟುಬಿಡೋದು ಒಂದಿದೆ. ಹಿಂದಿನ ಆಕ್ಸಲ್‌ಗೆ ಸರಳು ಕಟ್ಟಿರುವ ಬ್ರೇಕ್ ವಾಲ್ವ್ ನಿಮ್ಮ ವ್ಯಾನಿನಲ್ಲಿ ಇದೆಯಾ ನೋಡಿ. ಹಿಂಭಾಗ ಎಷ್ಟು ಕೂತಿದೆ ಅನ್ನೋದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ನೀವು ಎತ್ತಿಸಿದಿರಿ ಅಂದರೆ ಅದರ ಲೆಕ್ಕಕ್ಕೆ ವ್ಯಾನ್ ಖಾಲಿ. ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ, ಮುಂದಿನದರ ಮೇಲೆ ಹೊರೆ ಬೀಳುತ್ತದೆ. ನನ್ನದನ್ನು ಬ್ರೇಕ್ ಕೆಲಸ ಬಲ್ಲವರಿಂದಲೇ ಹೊಸ ಎತ್ತರಕ್ಕೆ ಹೊಂದಿಸಿದೆ. ಹೆಡ್‌ಲೈಟನ್ನೂ ಮತ್ತೆ ಹೊಂದಿಸಬೇಕು, ಹಿಂದೆ ಎದ್ದರೆ ಬೆಳಕು ಮುಂದೆ ಕೆಳಗೆ ಬೀಳುತ್ತದೆ. ಯು ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿ ಬಿಗಿ ಮಾಡಿಸಿದೆ. ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ತಿರುಗಿತು.

ಮುಂದಿನ ಸ್ಪ್ರಿಂಗ್ ಇನ್ನೂ ಹಳೆಯದೇ. ಟ್ಯಾಂಕ್ ಮುಂದಕ್ಕೆ ಬಂದ ಮೇಲೆ ಮೂತಿ ಒಂದು ಸೆಂಟಿಮೀಟರಿನಷ್ಟು ಇಳಿದಿದೆ. ಅಲ್ಲಿಗೂ ಗಟ್ಟಿ ಸ್ಪ್ರಿಂಗ್ ಹಾಕಿಸು ಅನ್ನುತ್ತಿದ್ದಾರೆ. ಮೊದಲು ಇನ್ನೊಮ್ಮೆ ನಾಲ್ಕೂ ಚಕ್ರ ತೂಗಿಸುತ್ತೇನೆ.